‘ಓಕೆ’ ಎಂಬ ತಪ್ಪು ಕಾಗುಣಿತ

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ನೋಟುಪುಸ್ತಕಗಳಲ್ಲಿ ಕೆಂಪು ಶಾಯಿಯಿಂದ ನಾನು ಬರೆಯುತ್ತಿದ್ದ ‘ಓಕೆ’ಯ ಹುಟ್ಟನ್ನು ಬಲ್ಲಿರಾ?

1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ಪತ್ರಿಕೆಗಳಿಗೆ, ಪದಗಳನ್ನು ಬೇಕೆಂದೇ ತಪ್ಪಾಗಿ ಬರೆದು ಮೊದಲಕ್ಷರಗಳಿಗೆ ಇಳಿಸುವ ವಿನೋದ ಅಂಟಿಕೊಂಡಿತ್ತು. ‘ಎಲ್ಲವೂ ಸರಿ’ ಎನ್ನುವ ‘ಆಲ್ ಕರೆಕ್ಟ್’ನ ಮೊದಲಕ್ಷರಗಳು ಎ, ಸಿ, ಅವುಗಳ ಬದಲು ಓ, ಕೆ ಎಂದು ಬರೆದರು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ಅದು ಅಚ್ಚಾಯಿತು. ಮರುವರ್ಷದ ಚುನಾವಣೆಯಲ್ಲಿ, ಕಿಂಡರ್‌ಹುಕ್ ಊರಿನವರಾದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್‌ರ ಬೆಂಬಲಿಗರು ‘ಓಲ್ಡ್ ಕಿಂಡರ್‌ಹುಕ್’ ಎಂಬ ಅವರ ಅಡ್ಡಹೆಸರಿಗೆ ಅದನ್ನು ಹೊಂದಿಸಿಕೊಂಡರು. ಅಧ್ಯಕ್ಷರು ಸೋತರು, ಪದ ಉಳಿಯಿತು. ಈ ಜಾಡನ್ನು 1960ರ ದಶಕದಲ್ಲಿ ವಿಶದಪಡಿಸಿದವರು ವಿದ್ವಾಂಸ ಆಲನ್ ವಾಕರ್ ರೀಡ್.

ಕಾಗುಣಿತ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಸರಿಯಾಗಿ ಬರೆದವರಿಗೆ ತಪ್ಪು ಕಾಗುಣಿತದ ಮುದ್ರೆಯನ್ನೇ ಒತ್ತಿದ ಈ ಮೇಷ್ಟರನ್ನು ಮನ್ನಿಸಿರಿ.