ಹಿತ್ತಲ ಕಪ್ಪೆ, ಪರದೇಶದ ಸಂತೆ



ಮಿರಗದ ಮೊದಲ ಮಳೆ ಬಿದ್ದ ರಾತ್ರಿ ಗುಂಡಗುರ್ತಿಯಂಥ ಊರಿನಲ್ಲಿ ಕಂದೀಲು ಹಿಡಿದು ಹಿತ್ತಲಿಗೆ ಹೋಗಿ ನೋಡಿರಿ. ಬಚ್ಚಲ ನೀರು ಹರಿಯುವ ಕಡೆ ಹಾಸಿದ ಶಹಾಬಾದಿ ಫರಸಿಯ ಸಂದಿಯಿಂದ ನೆಲಗಪ್ಪೆಯೊಂದು ಹೊರಗೆ ಬರುತ್ತದೆ. ಮೈಯೆಲ್ಲ ಗಂಟು ಗಂಟು, ನಡಿಗೆ ನಿಧಾನ. ಬೆಳಕಿಗೆ ರೆಕ್ಕೆ ಬಂದ ಗೆದ್ದಲು ಮುತ್ತುತ್ತವೆ. ಕಪ್ಪೆ ಅವುಗಳ ನಡುವೆ ಕೂತು ಒಂದೊಂದನ್ನೇ ನಾಲಿಗೆಗೆ ಅಂಟಿಸಿಕೊಳ್ಳುತ್ತದೆ. ಅದರ ನಾಲಿಗೆಯ ಬುಡ ಗಂಟಲ ಕಡೆಗಿಲ್ಲ, ಬಾಯಿಯ ಮುಂಭಾಗದಲ್ಲಿದೆ. ಅದಕ್ಕೇ ಅಷ್ಟು ದೂರ ಚಾಚುತ್ತದೆ. ನುಂಗುವಾಗ ಕಣ್ಣು ಮುಚ್ಚುತ್ತದೆ, ರುಚಿಗೆ ಅಂತ ತಿಳಿಯಬೇಡ್ರಿ. ಕಣ್ಣುಗುಡ್ಡೆಗಳು ಒಳಕ್ಕಿಳಿದು ತುತ್ತನ್ನು ಗಂಟಲಿಗೆ ದೂಡುತ್ತವೆ.

ಹುಳು ಎದುರಿಗೇ ಇದ್ದರೂ ಅಲುಗದಿದ್ದರೆ ಕಪ್ಪೆ ಸಾಮಾನ್ಯವಾಗಿ ಅದರ ಗೋಜಿಗೆ ಹೋಗುವುದಿಲ್ಲ. 1959ರಲ್ಲಿ ಅಮೆರಿಕದ ಲೆಟ್‌ವಿನ್ ಮತ್ತು ಸಂಗಡಿಗರು ಕಪ್ಪೆಯ ಕಣ್ಣಿನ ನರಗಳನ್ನು ಪರೀಕ್ಷಿಸಿ, ಚಲಿಸುವ ಸಣ್ಣ ಕಪ್ಪು ಚುಕ್ಕೆಗೇ ಮಿಡಿಯುವ ನರಗಳು ಅದರಲ್ಲಿವೆ ಎಂದು ತೋರಿಸಿದರು. ಸತ್ತ ನೊಣಗಳ ರಾಶಿಯ ನಡುವೆ ಕೂತರೂ ಅದಕ್ಕೆ ಉಪವಾಸವೇ!

ಇದು ಹಿತ್ತಲ ಮಾತಾಯಿತು. ಅದೇ ರಾತ್ರಿ ಹಳ್ಳದ ಹೊಂಡದಲ್ಲಿ ಗಂಟಲು ಹರಿಯುವಂತೆ ಕೂಗುವುದು ಬೇರೆ ಜಾತಿ, ದೊಡ್ಡ ಗೂಳಿಕಪ್ಪೆ. ಬೇಸಿಗೆಯೆಲ್ಲ ಮಣ್ಣಿನೊಳಗೆ ಅಡಗಿರುವ ಈ ಕಪ್ಪೆ ಮಳೆ ಬಿದ್ದೊಡನೆ ಮೇಲೆದ್ದು ಬರುತ್ತದೆ. ಗಂಡು ಅರಿಸಿನದ ಬಣ್ಣಕ್ಕೆ ತಿರುಗಿ, ಕೊರಳಿನ ಎರಡೂ ಮಗ್ಗುಲಲ್ಲಿ ನೀಲಿ ಚೀಲ ಉಬ್ಬಿಸಿ ಹೆಣ್ಣನ್ನು ಕರೆಯುತ್ತದೆ. ಮೊಟ್ಟೆ ಇಡುವ ಸಂಭ್ರಮವೆಲ್ಲ ಮೊದಲ ಮಳೆಗಳ ಕೆಲವೇ ರಾತ್ರಿಗಳಲ್ಲಿ ಮುಗಿಯುತ್ತದೆ.

ಈ ಕಪ್ಪೆಯ ತೊಡೆಗೆ ಒಂದು ಕಾಲದಲ್ಲಿ ಡಾಲರು ಬೆಲೆ ಬಂತು. 1950ರ ದಶಕದಿಂದ ನಮ್ಮ ದೇಶದ ಕಪ್ಪೆಕಾಲು ಅಮೆರಿಕ, ಯುರೋಪುಗಳ ಊಟದ ಮೇಜಿಗೆ ಹೋಗತೊಡಗಿತು. ಕೇರಳ, ಪಶ್ಚಿಮ ಬಂಗಾಳಗಳಲ್ಲಿ ಜನ ದೀಪ ಹಿಡಿದು ಹೊಂಡ ಗದ್ದೆಗಳಿಗೆ ಇಳಿದರು. ಕೂಗುವ ಕಪ್ಪೆಯನ್ನು ಹುಡುಕುವುದೇ ಬೇಡ, ತಾನಿರುವ ಜಾಗವನ್ನು ಅದೇ ಹೇಳುತ್ತದೆ. ನನಗೆ ಮರುಕವಾಗುವುದು ಇಲ್ಲೇ. ಹಿಡಿಯಲು ಸುಲಭವಾದ ರಾತ್ರಿಯೇ ಅದು ಮೊಟ್ಟೆ ಇಡುವ ರಾತ್ರಿ. ಒಂದು ಹೆಣ್ಣು ಕಪ್ಪೆ ಬುಟ್ಟಿಗೆ ಬಿದ್ದರೆ ಅದರ ಹೊಟ್ಟೆಯ ಸಾವಿರಾರು ಮೊಟ್ಟೆಯೂ ಬುಟ್ಟಿಗೇ ಬಿತ್ತು. ಬೇಕಾದದ್ದು ಹಿಂಗಾಲು ಎರಡೇ, ಉಳಿದ ಮೈ ಕಸ. ಜೀವ ಇರುವಾಗಲೇ ಕಾಲು ಕತ್ತರಿಸುತ್ತಾರೆಂಬ ಕೂಗೂ ಎದ್ದಿತು.

1981ರಲ್ಲಿ ಹೀಗೆ ಪರದೇಶಕ್ಕೆ ಹೋದದ್ದು 4,000 ಟನ್ನಿಗೂ ಮಿಕ್ಕಿ. ಮುಂಬಯಿಯ ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿ ಮೊದಲಾದವರು ಇದರ ವಿರುದ್ಧ ಬರೆದರು. ಕಪ್ಪೆಯಿಂದ ಬಂದ ಹಣ ಕೀಟನಾಶಕ ಕೊಳ್ಳುವುದಕ್ಕೇ ಹೋಗುತ್ತದೆ, ಹಾಗಾದರೆ ಲಾಭ ಯಾರಿಗೆ ಎಂಬುದು ಅಂದಿನ ವಾದ. 1985ರಲ್ಲಿ ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಈ ಕಪ್ಪೆ ಸೇರಿತು. 1987ರಲ್ಲಿ ಭಾರತ ರಫ್ತನ್ನೇ ನಿಲ್ಲಿಸಿತು. ಸಂತೆ ಮುಗಿಯಲಿಲ್ಲ, ಜಾಗ ಬದಲಿಸಿತು ಅಷ್ಟೇ: ಆಮೇಲೆ ಇಂಡೊನೇಷ್ಯಾದ ಕಪ್ಪೆಗೆ ಆ ಪಾಳಿ ಬಂತು.

ನಮ್ಮ ನೆಲಗಪ್ಪೆಯನ್ನು ಆ ವ್ಯಾಪಾರಿಗಳು ಕೇಳಲಿಲ್ಲ. ಅದರ ಕಣ್ಣಿನ ಹಿಂದಿನ ಗಂಟಿನಲ್ಲಿ ವಿಷವಿದೆ. (ಮಕ್ಕಳು ಮುಟ್ಟಿದರೆ ಕೈ ತೊಳೆಸಿರಿ.) ಅದಕ್ಕೆ ಕಂಟಕ ಬಂದದ್ದು ಬೇರೆ ದಾರಿಯಿಂದ. 1939ರಲ್ಲಿ ಪಾಲ್ ಮುಲ್ಲರ್ ಡಿ.ಡಿ.ಟಿ.ಯ ಕೀಟನಾಶಕ ಗುಣ ಕಂಡುಹಿಡಿದರು. ಅದಕ್ಕೆ 1948ರಲ್ಲಿ ನೊಬೆಲ್ ಬಹುಮಾನವೂ ಬಂತು. ಬಿ.ಎಚ್.ಸಿ. ಪುಡಿ ಹೊಲಗಳಿಗೆ ಬಂತು. ಹಿರಿಯರಿಗೆ ಅದರ ವಾಸನೆ ಇನ್ನೂ ನೆನಪಿರಬೇಕು. ಕೃಷಿಯಲ್ಲಿ ಡಿ.ಡಿ.ಟಿ. ನಿಂತದ್ದು 1989ರಲ್ಲಿ, ಬಿ.ಎಚ್.ಸಿ. 1997ರಲ್ಲಿ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು.

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ಹಸಿ ನೆಲದ ಮೇಲೆ ಹೊಟ್ಟೆ ಊರಿ ಕೂತರೆ ಆಯಿತು. ಬದನೆಗೆ ಹೊಡೆದ ಔಷಧಿ ನೆಲಕ್ಕಿಳಿದರೆ ಅದೂ ಅದೇ ಚರ್ಮದ ದಾರಿಯಲ್ಲಿ ಒಳಗೆ ಹೋಗಬಲ್ಲದು. ವಿಷ ತಿಂದು ತಡವರಿಸುವ ಹುಳು ಇನ್ನೂ ಅಲುಗುತ್ತಿರುತ್ತದಲ್ಲ, ಕಪ್ಪೆ ಅದನ್ನೂ ನುಂಗುತ್ತದೆ.

ಹಾಗಂತ ಕಪ್ಪೆ ಇದ್ದರೆ ಕೀಡಿಯ ಕಾಟವೇ ಇಲ್ಲ ಎಂದು ನಾನು ಹೇಳಲಾರೆ. ತೊಗರಿಯ ಕಾಯಿಯೊಳಗೆ ಹೊಕ್ಕ ಹುಳು ಅದಕ್ಕೆ ನಿಲುಕುವುದಿಲ್ಲ. ಜೇಡ, ಜೇನುನೊಣಗಳನ್ನೂ ಅದು ಬಿಡುವುದಿಲ್ಲ. ಒಳ್ಳೆಯ ಹುಳು ಕೆಟ್ಟ ಹುಳು ಅದಕ್ಕೇನು ಗೊತ್ತು? ನೆಲದ ಮೇಲೆ ಹರಿದಾಡುವ ದುಂಬಿ, ಇರುವೆ, ಗೆದ್ದಲು, ಅದರ ಪಾಲು ಇಷ್ಟು. ಆ ಪಾಲಿಗೆ ಕೂಲಿ ಕೇಳುವುದಿಲ್ಲ.

ಸಿಂಪಡಿಸಿದ ಡಬ್ಬಿಯನ್ನು ಬಚ್ಚಲ ಮೋರಿಯಲ್ಲಿ ತೊಳೆಯುವವರು ಇದ್ದಾರೆ. ಮೊದಲು ಆ ಫರಸಿಯನ್ನು ಮೆಲ್ಲಗೆ ಎತ್ತಿ ಕೆಳಗೆ ನೋಡಿರಿ. ಹಗಲಿನಲ್ಲಿ ಅದು ಅಲ್ಲೇ ಮಲಗಿರುತ್ತದೆ. ನೋಡಿದ ಮೇಲೆ ಫರಸಿಯನ್ನು ಹಾಗೇ ಇಟ್ಟುಬಿಡಿ.