ಕಾಶಿಗೆ ಹರಿದ ಹೊಯ್ಸಳರ ಹೊನ್ನು

ಉತ್ತರವಾಹಿನಿಯಾದ ಗಂಗೆಯ ಪಶ್ಚಿಮತಟದಲ್ಲಿ ಅರ್ಧಚಂದ್ರಾಕಾರವಾಗಿ ಹಬ್ಬಿರುವ ಕಾಶೀಕ್ಷೇತ್ರವನ್ನು ಕಣ್ಣಾರೆ ಕಂಡು, ಮಣಿಕರ್ಣಿಕೆಯಲ್ಲಿ ಮಿಂದು, ವಿಶ್ವೇಶ್ವರನ ಸನ್ನಿಧಿಯಲ್ಲಿ ಕೈಮುಗಿದು ಜನ್ಮವನ್ನು ಸಾರ್ಥಕಪಡಿಸಿಕೊಳ್ಳಬೇಕೆಂಬ ಹಂಬಲವು ಕನ್ನಡಿಗರಿಗೆ ನಿನ್ನೆ ಮೊನ್ನೆಯದಲ್ಲ. ಉಗಿಬಂಡಿಯಿಲ್ಲದ ಕಾಲದಲ್ಲಿ ಕಾಡುಮೇಡುಗಳನ್ನು ದಾಟಿ, ತಿಂಗಳುಗಟ್ಟಲೆ ನಡೆದು ಅಲ್ಲಿಗೆ ಮುಟ್ಟಿದ ಯಾತ್ರಿಕನು ತುರುಷ್ಕರು, ಎಂದರೆ ಮುಸ್ಲಿಂ ಅರಸರು, ವಿಧಿಸಿದ್ದ ತೆರಿಗೆಯನ್ನೂ ತೆರಬೇಕಾಗಿದ್ದಿತು. ಈ ಸಂಕಟವನ್ನರಿತ ಹೊಯ್ಸಳ ಮುಮ್ಮಡಿ ನರಸಿಂಹನು, 1279ರಲ್ಲಿ, ಹೆಬ್ಬಾಲೆ ಗ್ರಾಮದಿಂದ ವರ್ಷಕ್ಕೆ ಬರುತ್ತಿದ್ದ 645 ನಿಷ್ಕಗಳ (ಹೊನ್ನಿನ ನಾಣ್ಯಗಳ) ಹುಟ್ಟುವಳಿಯನ್ನು, ಆ ತೆರಿಗೆಯ ಸಂದಾಯಕ್ಕೂ ವಿಶ್ವೇಶ್ವರನ ಸೇವೆಗೂ ದತ್ತಿಯಾಗಿ ಬಿಟ್ಟನೆಂದು ಶಾಸನವು ಸಾರುತ್ತದೆ. ಈ ದಾನವು ಕರ್ಣಾಟಕರಿಗೆ ಮಾತ್ರವೇ ಮೀಸಲಾಗದೆ, ತೆಲುಗು, ತುಳು, ಮಲೆಯಾಳ ನಾಡುಗಳವರಿಗೂ, ದೂರದ ಗೌಡದೇಶದವರಿಗೂ (ಬಂಗಾಳದವರಿಗೂ) ಸಲ್ಲುವಂತಿದ್ದುದೇ ಅದರ ಹಿರಿಮೆ. ಸಾಮ್ರಾಜ್ಯವು ಅಳಿಯಿತು, ಆದರೆ ಕಾವೇರಿಯ ಸೀಮೆಯ ಒಕ್ಕಲಿನ ಬೆವರು ಗಂಗಾತೀರದ ಅಪರಿಚಿತ ಯಾತ್ರಿಕನಿಗೆ ಆಸರೆಯಾದ ಆ ಪುಣ್ಯಕಥೆಯನ್ನು ಶಾಸನವು ಇಂದಿಗೂ ಕಾಪಾಡಿಕೊಂಡಿದೆ.