ಹಳೆಯ ಕಾರುಗಳ ಇಂಧನ ಇಂಜೆಕ್ಷನ್ ವ್ಯವಸ್ಥೆಯ ನೈಲಾನ್ ಪೈಪುಗಳ ಬದಲಾವಣೆ: ವಾಹನ ಮಾಲೀಕರಿಗೆ ಮಾಹಿತಿ

1. ಹಿನ್ನೆಲೆ

ಹಳೆಯ ಕಾರುಗಳ ನೋಂದಣಿಗೆ ಅಥವಾ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮಾಲೀಕರು ಸಾಮಾನ್ಯವಾಗಿ ಬಣ್ಣ, ಸೀಟು, ದೀಪ ಮುಂತಾದ ಕಣ್ಣಿಗೆ ಕಾಣುವ ಭಾಗಗಳ ದುರಸ್ತಿಗೆ ಆದ್ಯತೆ ನೀಡುತ್ತಾರೆ. ಎಂಜಿನ್‌ಗೆ ಪೆಟ್ರೋಲ್ ಒಯ್ಯುವ ಪೈಪುಗಳೂ ವಾಹನದಷ್ಟೇ ಹಳೆಯವಾಗಿರಬಹುದು. ಅವು ಒಡೆದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದಲ್ಲಿ ವಾಹನಕ್ಕೆ ಬೆಂಕಿ ತಗುಲಿ ಪ್ರಾಣಹಾನಿ ಸಂಭವಿಸಬಹುದು. ಆದ್ದರಿಂದ ಈ ಮಾಹಿತಿಯನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

2. ಯಾವ ವಾಹನಗಳಿಗೆ ಅನ್ವಯ

ಬಾಷ್ ಸಂಸ್ಥೆಯು 1973ರಲ್ಲಿ ಬಳಕೆಗೆ ತಂದ ಕೆ-ಜೆಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆಯುಳ್ಳ ಕಾರುಗಳಿಗೆ ಈ ಮಾಹಿತಿಯು ಮುಖ್ಯವಾಗಿ ಅನ್ವಯಿಸುತ್ತದೆ. ಪೋರ್ಷೆ 911, ಮರ್ಸಿಡಿಸ್-ಬೆಂಜ್ 280ಇ, ವೋಲ್ವೊ 240, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾರುಗಳಲ್ಲಿ ಈ ವ್ಯವಸ್ಥೆಯನ್ನು ಬಳಸಲಾಗಿತ್ತು. ಇದರಲ್ಲಿ ವಿದ್ಯುತ್ ಪಂಪು ಸುಮಾರು 5 ಬಾರ್ ಒತ್ತಡದಲ್ಲಿ ಪೆಟ್ರೋಲ್ ಪೂರೈಸುತ್ತದೆ. ಇದು ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡದ ಎರಡು ಪಟ್ಟಿಗೂ ಹೆಚ್ಚು. ಕಾರ್ಬುರೇಟರ್ ಇರುವ ಕಾರುಗಳಲ್ಲಿ ಈ ಒತ್ತಡವು ಸಾಮಾನ್ಯವಾಗಿ ಅರ್ಧ ಬಾರ್‌ಗಿಂತ ಕಡಿಮೆ.

3. ಪೈಪು ಹಾಳಾಗಲು ಕಾರಣ

ಎಂಜಿನ್‌ನ ಶಾಖ ಹಾಗೂ ವಯಸ್ಸಿನಿಂದಾಗಿ ನೈಲಾನ್ ಪೈಪು ಬಾಗುವ ಗುಣವನ್ನು ಕಳೆದುಕೊಂಡು ಪೆಡಸಾಗುತ್ತದೆ. ಬಿರುಕು ಹೆಚ್ಚಾಗಿ ಲೋಹದ ಜೋಡಣೆಯ ಬಳಿ ಹಾಗೂ ತಿರುವುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬಣ್ಣಗೆಟ್ಟಿರುವುದು, ಜೋಡಣೆಯ ಬಳಿ ತೇವ, ವಾಹನ ನಿಂತಾಗ ಪೆಟ್ರೋಲ್ ವಾಸನೆ ಇವು ಮುನ್ಸೂಚನೆಗಳು. ಮುನ್ಸೂಚನೆ ಇಲ್ಲದೆಯೂ ಪೈಪು ಒಡೆಯಬಹುದಾದ್ದರಿಂದ ಒಂದು ಪೈಪು ಹಾಳಾಗಿದ್ದಲ್ಲಿ ಅದೇ ವಯಸ್ಸಿನ ಎಲ್ಲ ಪೈಪುಗಳನ್ನೂ ಬದಲಾಯಿಸುವುದು ಸೂಕ್ತ. ದೇಶದಲ್ಲಿ ಪೆಟ್ರೋಲ್‌ಗೆ ಎಥನಾಲ್ ಮಿಶ್ರಣವು 2025ರಲ್ಲಿ ಶೇ. 20ಕ್ಕೆ ತಲುಪಿರುವುದರಿಂದ, ಹೊಸ ಪೈಪು ಹಾಗೂ ರಬ್ಬರ್ ಭಾಗಗಳು ಎಥನಾಲ್ ತಾಳಿಕೊಳ್ಳುವಂಥವೇ ಎಂಬುದನ್ನು ಖರೀದಿಗೆ ಮುನ್ನ ಖಚಿತಪಡಿಸಿಕೊಳ್ಳತಕ್ಕದ್ದು.

4. ಬದಲಾವಣೆಯ ಕ್ರಮ

ಈ ಕೆಲಸವನ್ನು ಇಂಜೆಕ್ಷನ್ ವ್ಯವಸ್ಥೆಯ ಅನುಭವವಿರುವ ಮೆಕ್ಯಾನಿಕ್‌ನಿಂದಲೇ ಮಾಡಿಸತಕ್ಕದ್ದು. ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

(ಅ) ಪೆಟ್ರೋಲ್ ಆವಿಯು ಗಾಳಿಗಿಂತ ಭಾರವಾಗಿದ್ದು ತಗ್ಗಿನಲ್ಲಿ ಶೇಖರವಾಗುತ್ತದೆ. ಆದುದರಿಂದ ಕೆಲಸವನ್ನು ಗ್ಯಾರೇಜಿನ ಗುಂಡಿಯ ಮೇಲೆ ಮಾಡದೆ ಗಾಳಿಯಾಡುವ ಸ್ಥಳದಲ್ಲಿ ಮಾಡುವುದು. ಅಗ್ನಿಶಾಮಕ ಉಪಕರಣವು ಕೈಗೆಟಕುವಂತಿರಬೇಕು.

(ಆ) ಎಂಜಿನ್ ನಿಲ್ಲಿಸಿದ ನಂತರವೂ ಅಕ್ಯುಮುಲೇಟರ್ ಎಂಬ ಭಾಗವು ಪೈಪುಗಳಲ್ಲಿ ಒತ್ತಡವನ್ನು ಉಳಿಸಿಕೊಂಡಿರುತ್ತದೆ. ಎಂಜಿನ್ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಟ್ಯಾಂಕಿನ ಮುಚ್ಚಳವನ್ನು ತೆರೆದು, ಜೋಡಣೆಗೆ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸುವುದು.

(ಇ) ಹೊಸ ಪೈಪಿನ ಒಳ ಹಾಗೂ ಹೊರ ವ್ಯಾಸಗಳು ಮೂಲ ಪೈಪಿನಷ್ಟೇ ಇರತಕ್ಕದ್ದು. ಹಲ್ಲುಗಳುಳ್ಳ ಲೋಹದ ತುದಿಯನ್ನು ಪೈಪು ಹಿಡಿಯುವ ಸಾಧನದ ನೆರವಿನಿಂದ ಕೊನೆಯ ಹಲ್ಲಿನವರೆಗೂ ಒತ್ತಿ ಕೂರಿಸಬೇಕು. ಪೈಪನ್ನು ಬೆಂಕಿಯಿಂದ ಕಾಯಿಸಬಾರದು. ಹಳೆಯ ಪೈಪನ್ನು ಕತ್ತರಿಸಿ ತೆಗೆಯುವಾಗ ಈ ಹಲ್ಲುಗಳಿಗೆ ಗೀರು ಬಿದ್ದಲ್ಲಿ ಸೋರಿಕೆ ಉಂಟಾಗುತ್ತದೆ.

(ಈ) ಕಾರ್ಬುರೇಟರ್ ವಾಹನಗಳ ರಬ್ಬರ್ ಪೈಪನ್ನು ಕ್ಲಿಪ್ ಹಾಕಿ ಬಿಗಿಯುವುದು ಅಪಾಯಕಾರಿ. ಅಂಥ ಪೈಪು ಇಂಜೆಕ್ಷನ್ ವ್ಯವಸ್ಥೆಯ ಒತ್ತಡಕ್ಕೆ ತಯಾರಾದುದಲ್ಲ.

(ಉ) ಬ್ಯಾಂಜೊ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್‌ಗಳನ್ನು ಪ್ರತಿ ಬಾರಿಯೂ ಹೊಸದಾಗಿ ಹಾಕತಕ್ಕದ್ದು. ಫ್ಯುಯಲ್ ಡಿಸ್ಟ್ರಿಬ್ಯೂಟರ್‌ನ ಸೀಳುಗಳು ಅತಿ ಸೂಕ್ಷ್ಮವಾಗಿರುವುದರಿಂದ ಪೈಪಿನ ಒಳಗೆ ಧೂಳಾಗಲಿ ನೈಲಾನ್ ಚೂರಾಗಲಿ ಇರಬಾರದು.

5. ಸೋರಿಕೆ ಪರೀಕ್ಷೆ

ಮೊದಲು ಎಂಜಿನ್ ಚಾಲನೆ ಮಾಡದೆ ಪಂಪನ್ನು ಮಾತ್ರ ಚಾಲನೆಗೊಳಿಸಿ ಜೋಡಣೆಗಳನ್ನು ಪರಿಶೀಲಿಸುವುದು. ಈ ಹಂತದಲ್ಲಿ ಗಾಳಿಯ ಪ್ರಮಾಣವನ್ನು ಅಳೆಯುವ ತಟ್ಟೆಯನ್ನು ಎತ್ತಬಾರದು. ಎತ್ತಿದಲ್ಲಿ ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಹರಿಯುತ್ತದೆ. ಇಂಜೆಕ್ಟರ್ ಪೈಪುಗಳ ಪರೀಕ್ಷೆ ಇಷ್ಟರಿಂದ ಪೂರ್ಣವಾಗುವುದಿಲ್ಲ. ಆದ್ದರಿಂದ ಎಂಜಿನ್ ಚಾಲನೆಯಲ್ಲಿರುವಾಗ ಎರಡನೇ ಬಾರಿ ಹಾಗೂ ಎಂಜಿನ್ ಬಿಸಿಯಾದ ನಂತರ ಮೂರನೇ ಬಾರಿ ಪರಿಶೀಲಿಸತಕ್ಕದ್ದು. ಒಂದು ಹನಿ ಸೋರಿದರೂ ವಾಹನವನ್ನು ರಸ್ತೆಗೆ ತರಬಾರದು.

6. ನೋಂದಣಿಗೆ ಸಂಬಂಧಿಸಿದ ಅಂಶಗಳು

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನಂತರದ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ನವೀಕರಣವು 5 ವರ್ಷಗಳ ಅವಧಿಗೆ ಇರುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನಗಳಿಗೆ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ ವಿಂಟೇಜ್ ನೋಂದಣಿಯ ಅವಕಾಶವಿದೆ. ಚಾಸಿಸ್, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಮಾರ್ಪಾಡಾಗಿದ್ದಲ್ಲಿ ಈ ಅವಕಾಶ ದೊರೆಯುವುದಿಲ್ಲ.

ಹಳೆಯ ಪೈಪಿನ ಸ್ಥಳದಲ್ಲಿ ಅದೇ ಅಳತೆಯ ಹೊಸ ಪೈಪು ಅಳವಡಿಸುವುದರಿಂದ ನೋಂದಣಿ ಪತ್ರದಲ್ಲಿನ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಇಂಧನದ ವಿಧ ಇವು ಬದಲಾಗುವುದಿಲ್ಲ. ಆದ್ದರಿಂದ ಮೂಲ ಸ್ವರೂಪ ಕೆಡುವುದೆಂಬ ಅಂಜಿಕೆಯಿಂದ ಹಳೆಯ ಪೈಪನ್ನೇ ಉಳಿಸಿಕೊಳ್ಳುವುದು ಅನಗತ್ಯ.

ದೋಷವಿದೆಯೆಂದು ತಿಳಿದೂ ಸಾರ್ವಜನಿಕರಿಗೆ ಅಪಾಯವಾಗುವಂತೆ ವಾಹನ ಚಲಾಯಿಸುವುದು ಮೋಟಾರು ವಾಹನ ಕಾಯ್ದೆ, 1988ರ ಕಲಂ 190ರ ಅನ್ವಯ ದಂಡನೀಯ. ಅರ್ಜಿದಾರರು ವಾಹನವನ್ನು ತಪಾಸಣೆಗೆ ಹಾಜರುಪಡಿಸುವ ಮುನ್ನವೇ ಪೈಪುಗಳನ್ನು ಪರಿಶೀಲಿಸಿ, ಬದಲಾಯಿಸಿದ ದಿನಾಂಕ ಹಾಗೂ ಬಿಲ್ಲುಗಳನ್ನು ವಾಹನದ ದಾಖಲೆಗಳೊಂದಿಗೆ ಇಟ್ಟುಕೊಳ್ಳುವುದು ಒಳಿತು.